ಕರುನಾಗಪ್ಪಳ್ಳಿ: ಕಡಲಂಚಿನ ವಿಕಿರಣ ಮತ್ತು ಕ್ಯಾನ್ಸರ್ ಪ್ರಮಾಣ

ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿ ತಾಲ್ಲೂಕಿನ ಕಡಲಂಚಿನಲ್ಲಿ ಮೊನಜೈಟ್ ಬೆರೆತ ಕರಿಮರಳಿನ ಪಟ್ಟಿಯಿದೆ. ಮೊನಜೈಟ್‌ನಲ್ಲಿರುವ ಥೋರಿಯಂನಿಂದಾಗಿ ಚವರ, ನೀಂಡಕರ, ಪನ್ಮನ, ಆಲಪ್ಪಾಡ್ ಸುತ್ತಿನ ನೆಲ ಸದಾ ಗಾಮಾ ಕಿರಣ ಸೂಸುತ್ತದೆ. ಇಲ್ಲಿ ಹೊರಾಂಗಣ ವಿಕಿರಣದ ಮಧ್ಯಕ ಪ್ರಮಾಣ ವರ್ಷಕ್ಕೆ 4 ಮಿಲಿಗ್ರೇಗಿಂತ ಹೆಚ್ಚು. ತೀರದ ಕೆಲವು ಜಾಗಗಳಲ್ಲಿ ಅದು 70 ಮಿಲಿಗ್ರೇ ತಲುಪುತ್ತದೆ. ಮೀನುಗಾರರೂ ತೆಂಗು-ನಾರಿನ ಕೆಲಸದವರೂ ತಲೆಮಾರುಗಳಿಂದ ಒತ್ತಾಗಿ ನೆಲೆಸಿರುವ ಈ ಪಟ್ಟಿ, ವಿಕಿರಣ ಮತ್ತು ಕ್ಯಾನ್ಸರ್‌ನ ನಂಟನ್ನು ಅಳೆಯಲು ಜಗತ್ತಿನಲ್ಲಿ ಸಿಕ್ಕಿರುವ ಕೆಲವೇ ಜನವಸತಿಗಳಲ್ಲಿ ಒಂದು.

ಈ ತೀರ ಆಗ ಸೇರಿದ್ದ ತಿರುವಾಂಕೂರಿನ ಮರಳಿನಲ್ಲಿ ಮೊನಜೈಟ್ ಇರುವುದನ್ನು 1909ರಲ್ಲಿ ಜರ್ಮನಿಯ ಷೋಂಬರ್ಗ್ ಗುರುತಿಸಿದರು. ಅಲ್ಲಿಂದ ಹೋದ ನಾರಿಗೆ ಅಂಟಿದ್ದ ಮರಳೇ ಸುಳಿವು ಕೊಟ್ಟಿತ್ತು. ಗ್ಯಾಸ್‌ಲೈಟಿನ ಮ್ಯಾಂಟಲ್‌ಗೆ ಥೋರಿಯಂ ಬೇಕಿದ್ದ ಕಾಲವದು.

ಈ ಪ್ರದೇಶದ ಕುರಿತ ಬರಹಗಳಲ್ಲಿ ಎರಡು ಪ್ರಶ್ನೆಗಳು ಪದೇ ಪದೇ ಕಲಸಿಹೋಗಿವೆ: ವಂಶವಾಹಿಗೆ ಹಾನಿಯಾಗಿದೆಯೇ, ಕ್ಯಾನ್ಸರ್ ಹೆಚ್ಚಿದೆಯೇ ಎಂಬವು. ಮೊದಲನೆಯದರ ವಿವಾದ ಹಳೆಯದು. 1976ರಲ್ಲಿ ದೆಹಲಿಯ ಏಮ್ಸ್ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ, ಇಲ್ಲಿ ಡೌನ್ ಸಿಂಡ್ರೋಮ್ ಮತ್ತು ವರ್ಣತಂತುಗಳ ದೋಷ ಹೆಚ್ಚಿದೆ ಎಂದು ಬರೆದರು. ಹೋಲಿಕೆಗೆ ಆಯ್ದ ಊರುಗಳಲ್ಲಿ ಒಂದೂ ಪ್ರಕರಣ ಸಿಗದಿದ್ದದ್ದೇ ಅಸಹಜ ಎಂಬ ಆಕ್ಷೇಪ ಬಂತು. 1999ರಲ್ಲಿ ಪ್ರಕಟವಾದ, 36,805 ನವಜಾತ ಶಿಶುಗಳ ತಪಾಸಣೆಯಲ್ಲಿ ಹುಟ್ಟುದೋಷಗಳಿಗೂ ವಿಕಿರಣದ ಮಟ್ಟಕ್ಕೂ ಸಂಬಂಧ ಕಾಣಲಿಲ್ಲ. ಆದರೆ 2002ರ ಮೈಟೊಕಾಂಡ್ರಿಯಾ ಡಿಎನ್‌ಎ ಅಧ್ಯಯನ ವಿಕಿರಣ ಹೆಚ್ಚಿರುವ ಕಡೆ ರೂಪಾಂತರಗಳೂ ಹೆಚ್ಚಿವೆ ಎಂದಿತು; 2004ರ ಮನೆಮನೆ ಸಮೀಕ್ಷೆಯೊಂದು ಡೌನ್ ಸಿಂಡ್ರೋಮ್‌ನ ವಾದಕ್ಕೆ ಮತ್ತೆ ಜೀವ ಕೊಟ್ಟಿತು. ಇವುಗಳಲ್ಲಿ ಯಾವುದೂ ಕ್ಯಾನ್ಸರ್ ಎಣಿಸಿದ ಅಧ್ಯಯನವಲ್ಲ. ಆದರೂ ಇಲ್ಲಿನ ಕ್ಯಾನ್ಸರ್‌ಗೆ ಪುರಾವೆಯೆಂದು ಇವನ್ನು ಉಲ್ಲೇಖಿಸುವ ರೂಢಿ ಉಳಿದುಬಂದಿದೆ.

ಕ್ಯಾನ್ಸರ್‌ನ ಮಟ್ಟಿಗೆ ತಿರುವು 1990. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಆ ವರ್ಷ ಇಡೀ ತಾಲ್ಲೂಕಿಗೆ ಕ್ಯಾನ್ಸರ್ ನೋಂದಣಿ ಆರಂಭಿಸಿತು. ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ಒಂದೇ ಊರಿನವರು ಹೆಚ್ಚಾಗಿ ಕಂಡರೆ, ಆ ಊರಿನಲ್ಲಿ ಕಾಯಿಲೆ ಹೆಚ್ಚು ಎಂದು ಹೇಳಲಾಗದು. ಊರಿನ ಒಟ್ಟು ಜನಸಂಖ್ಯೆ, ವಯಸ್ಸಿನ ಹಂಚಿಕೆ ತಿಳಿದಾಗಲೇ ಲೆಕ್ಕ ಕೂಡುವುದು. ಹಾಗಾಗಿ ನೋಂದಣಿಯ ಜೊತೆಗೇ ಮನೆಮನೆ ಗಣತಿ ನಡೆಯಿತು. ಮನೆಯ ಒಳಗೂ ಹೊರಗೂ ವಿಕಿರಣ ಅಳೆದರು. ಬೀಡಿ, ಎಲೆಯಡಿಕೆ-ತಂಬಾಕಿನ ಅಭ್ಯಾಸಗಳನ್ನು ಕೇಳಿ ಬರೆದುಕೊಂಡರು. ಗಂಡಸರು, ಹೆಂಗಸರು ಯಾವ ವಯಸ್ಸಿನಲ್ಲಿ ಎಷ್ಟು ಹೊತ್ತು ಮನೆಯೊಳಗಿರುತ್ತಾರೆ ಎಂಬುದನ್ನೂ ಸೇರಿಸಿ ಒಬ್ಬೊಬ್ಬರಿಗೆ ತಗುಲಿದ ವಿಕಿರಣದ ಪ್ರಮಾಣ ಅಂದಾಜಿಸಿದರು.

ಮೊದಲ ದೊಡ್ಡ ಫಲಿತಾಂಶ ಬಂದದ್ದು 2009ರಲ್ಲಿ. 30ರಿಂದ 84 ವಯಸ್ಸಿನ 69,958 ಜನರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿದಾಗ 1,379 ಕ್ಯಾನ್ಸರ್‌ಗಳು ಪತ್ತೆಯಾದವು, ಅವುಗಳಲ್ಲಿ 30 ರಕ್ತದ ಕ್ಯಾನ್ಸರ್. ವಿಕಿರಣ ಏರಿದಂತೆ ಕ್ಯಾನ್ಸರ್ ಏರಲಿಲ್ಲ. ಇದನ್ನು ‘ಇಲ್ಲಿನ ವಿಕಿರಣ ನಿರುಪದ್ರವಿ’ ಎಂದು ಓದಿದವರುಂಟು. ಅಧ್ಯಯನ ಅಷ್ಟು ಹೇಳಿಲ್ಲ. ಇಷ್ಟು ಕಡಿಮೆ ಪ್ರಮಾಣದ ಪರಿಣಾಮ ಹಿಡಿಯಲು ಸಂಖ್ಯಾಬಲ ಸಾಲದೇ ಇರಬಹುದೆಂದು ಸಂಶೋಧಕರೇ ಒಪ್ಪಿದ್ದಾರೆ. ಇದೇ ರೀತಿ ನೆಲದ ವಿಕಿರಣ ಹೆಚ್ಚಿರುವ ಚೀನಾದ ಯಾಂಗ್‌ಜಿಯಾಂಗ್‌ನ ಕ್ಯಾನ್ಸರ್ ಮರಣದ ಅಂಕಿಅಂಶಗಳ ಜೊತೆಗಿಟ್ಟು ನೋಡಿ, ಅಲ್ಪಪ್ರಮಾಣದ ವಿಕಿರಣದ ಅಪಾಯ ಈಗ ಅಂದಾಜಿಸಿರುವುದಕ್ಕಿಂತ ಬಹಳ ಹೆಚ್ಚಿರಲಾರದು ಎನ್ನುವಲ್ಲಿಗೆ ಅವರು ನಿಲ್ಲುತ್ತಾರೆ. 2017ರವರೆಗಿನ ದಾಖಲೆ ಬಳಸಿ 2021ರಲ್ಲಿ ಬಂದ ವಿಸ್ತೃತ ವಿಶ್ಲೇಷಣೆ, ರಕ್ತದ ಕ್ಯಾನ್ಸರ್ ಹೊರತುಪಡಿಸಿ, 1,49,585 ಜನರಲ್ಲಿ 6,804 ಪ್ರಕರಣಗಳನ್ನು ಪರಿಶೀಲಿಸಿತು. ಅಲ್ಲಿಯೂ ಏರಿಕೆ ಕಾಣಲಿಲ್ಲ.

ವಿಕಿರಣಕ್ಕೆಂದು ಕಟ್ಟಿದ ಈ ದಾಖಲೆಯಲ್ಲಿ ಎದ್ದು ಕಂಡದ್ದು ತಂಬಾಕು. 65,829 ಗಂಡಸರ ವಿಶ್ಲೇಷಣೆಯಲ್ಲಿ ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ, ಎಂದೂ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟಿತ್ತು. ತಂಬಾಕು ಜಗಿಯುವ ಹೆಂಗಸರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಿತ್ತು. ವಿಕಿರಣದ ಚರ್ಚೆಯಲ್ಲಿ ಈ ಭಾಗಕ್ಕೆ ಸಿಕ್ಕಿರುವ ಗಮನ ಅತ್ಯಲ್ಪ.