ಶತೀಲಾ ನಿರಾಶ್ರಿತರ ಶಿಬಿರ

ಲೆಬನಾನಿನ ರಾಜಧಾನಿ ಬೈರುತ್‌ನ ದಕ್ಷಿಣ ಭಾಗದಲ್ಲಿರುವ ಪ್ಯಾಲೆಸ್ತೀನಿ ನಿರಾಶ್ರಿತರ ಶಿಬಿರ. 1948ರ ಅರಬ್-ಇಸ್ರೇಲ್ ಯುದ್ಧದಲ್ಲಿ ಉತ್ತರ ಪ್ಯಾಲೆಸ್ತೀನಿನ ಹಳ್ಳಿಗಳನ್ನು ಬಿಟ್ಟುಬಂದ ಕೆಲವು ನೂರು ಜನರಿಗಾಗಿ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 1949ರಲ್ಲಿ ಇದನ್ನು ಸ್ಥಾಪಿಸಿತು. 1950ರ ಮೇ ತಿಂಗಳಲ್ಲಿ ಕೆಲಸ ಆರಂಭಿಸಿದ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆ ಉನ್‌ರ್ವಾ ಇಲ್ಲಿ ಶಾಲೆ, ಚಿಕಿತ್ಸಾಲಯ ಮತ್ತು ಕಸ ವಿಲೇವಾರಿಯನ್ನು ನೋಡಿಕೊಳ್ಳುತ್ತದೆ; ಆಡಳಿತ, ಪೊಲೀಸು ವ್ಯವಸ್ಥೆ ಅದರ ಹೊಣೆಯಲ್ಲ.

ಇತಿಹಾಸ: ಮೊದಲು ಡೇರೆಗಳಿದ್ದವು, ಆಮೇಲೆ ತಗಡಿನ ಮಾಡಿನ ಮನೆಗಳು ಬಂದವು. ಶಿಬಿರ ಖಾಯಂ ಆಗಬಾರದೆಂದು ಲೆಬನಾನಿನ ಅಧಿಕಾರಿಗಳು ಕಾಂಕ್ರೀಟ್ ಮಾಳಿಗೆ ಹಾಕಲು ಬಿಡುತ್ತಿರಲಿಲ್ಲ. 1969ರ ಕೈರೋ ಒಪ್ಪಂದದಿಂದ ಶಿಬಿರಗಳ ಉಸ್ತುವಾರಿ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಗೆ ಬಂದ ಮೇಲೆ ಪಕ್ಕಾ ಮನೆಗಳು ಎದ್ದವು. 1982ರ ಸೆಪ್ಟೆಂಬರ್ 16ರಿಂದ 18ರವರೆಗೆ, ಲೆಬನಾನಿನ ಮೇಲೆ ದಾಳಿ ಮಾಡಿದ್ದ ಇಸ್ರೇಲಿ ಸೇನೆ ಶಿಬಿರವನ್ನು ಸುತ್ತುವರಿದಿದ್ದಾಗ, ಲೆಬನಾನಿನ ಕ್ರೈಸ್ತ ಸಶಸ್ತ್ರ ಗುಂಪಾದ ಫಲಾಂಜ್ ಪಡೆಯವರು ಶತೀಲಾ ಮತ್ತು ನೆರೆಯ ಸಬ್ರಾದಲ್ಲಿ ಹತ್ಯಾಕಾಂಡ ನಡೆಸಿದರು. ಸತ್ತವರ ಸಂಖ್ಯೆ ಕೆಲವು ನೂರರಿಂದ 3,500ರವರೆಗೆ ಇತ್ತೆಂದು ಬೇರೆ ಬೇರೆ ಅಂದಾಜುಗಳಿವೆ. ಇಸ್ರೇಲಿನದೇ ಕಹಾನ್ ಆಯೋಗ 1983ರಲ್ಲಿ ಆ ದೇಶದ ಪರೋಕ್ಷ ಹೊಣೆಯನ್ನು ಎತ್ತಿ ತೋರಿಸಿತು. 1985ರಿಂದ ಲೆಬನಾನಿನ ಶಿಯಾ ಸಶಸ್ತ್ರ ಗುಂಪಾದ ಅಮಲ್ ಪಡೆ ಹಾಕಿದ ಮುತ್ತಿಗೆಗಳಲ್ಲಿ ಶಿಬಿರದ ಬಹುಭಾಗ ನೆಲಸಮವಾಯಿತು.

ವಸತಿ ಮತ್ತು ಸೌಕರ್ಯ: ಮನೆತನಗಳು ಬೆಳೆದರೂ ಶಿಬಿರದ ನೆಲ ಬೆಳೆಯಲಿಲ್ಲ. ಹೀಗಾಗಿ ತಂದೆಯ ಮನೆಯ ಮೇಲೆ ಮಗ, ಅವನ ಮೇಲೆ ಮೊಮ್ಮಗ ಮಹಡಿ ಕಟ್ಟುತ್ತ ಹೋದರು. ಓಣಿಗಳು ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಕಿರಿದು. ಕೆಳಮನೆಗಳಲ್ಲಿ ಹಗಲಲ್ಲೂ ದೀಪ ಬೇಕು, ಗೋಡೆಗಳಲ್ಲಿ ಸದಾ ತೇವ. ತಲೆಯ ಮೇಲೆ ವಿದ್ಯುತ್ ತಂತಿಗಳೂ ನೀರಿನ ಕೊಳವೆಗಳೂ ಹೆಣೆದುಕೊಂಡಿರುವುದರಿಂದ ಮಳೆಗಾಲದಲ್ಲಿ ವಿದ್ಯುತ್ ತಗುಲಿ ಸತ್ತವರಿದ್ದಾರೆ. ನಲ್ಲಿಯಲ್ಲಿ ಬರುವುದು ಉಪ್ಪುನೀರು; ಕುಡಿಯುವ ನೀರನ್ನು ಕೊಂಡು ತರಬೇಕು. 2011ರ ನಂತರ ಸಿರಿಯಾದ ಯುದ್ಧದಿಂದ ಓಡಿಬಂದವರೂ ಇಲ್ಲೇ ಬಾಡಿಗೆಗೆ ನೆಲೆಸಿ ಜನಸಂದಣಿ ಇನ್ನಷ್ಟು ಹೆಚ್ಚಿತು.

ಕಾನೂನಿನ ಸ್ಥಿತಿ: ಶಿಬಿರ ಬಿಟ್ಟು ಹೋಗುವ ದಾರಿಯನ್ನು ಬಡತನಕ್ಕಿಂತ ಹೆಚ್ಚಾಗಿ ಕಾನೂನೇ ಮುಚ್ಚಿದೆ. ಲೆಬನಾನಿನಲ್ಲೇ ಹುಟ್ಟಿದ ಪ್ಯಾಲೆಸ್ತೀನಿಯರಿಗೂ ಸಾಮಾನ್ಯವಾಗಿ ಆ ದೇಶದ ಪೌರತ್ವವಿಲ್ಲ. 2001ರ ಕಾಯ್ದೆ ಅವರು ಸ್ಥಿರಾಸ್ತಿ ಕೊಳ್ಳುವುದನ್ನು ತಡೆಯಿತು. 2010ರಲ್ಲಿ ಉದ್ಯೋಗ ಪರವಾನಗಿಯ ನಿಯಮ ಸಡಿಲವಾದರೂ ವೈದ್ಯಕೀಯ, ವಕೀಲಿಕೆ, ಎಂಜಿನಿಯರಿಂಗ್‌ನಂಥ ವೃತ್ತಿಗಳ ಬಾಗಿಲು ತೆರೆಯಲಿಲ್ಲ. ಬಹುಮಂದಿ ಕಟ್ಟಡ ಕೆಲಸ, ಸಣ್ಣ ಅಂಗಡಿ, ಮನೆಗೆಲಸಗಳಲ್ಲಿ ಹೊಟ್ಟೆ ಹೊರೆಯುತ್ತಾರೆ.

ಲೆಬನಾನಿನಲ್ಲಿ ಇಂಥ 12 ಅಧಿಕೃತ ಶಿಬಿರಗಳಿವೆ. ತಾತ್ಕಾಲಿಕವೆಂದು ಹುಟ್ಟಿದ ಉನ್‌ರ್ವಾದ ಅವಧಿಯನ್ನು ವಿಶ್ವಸಂಸ್ಥೆಯ ಮಹಾಸಭೆ ಮತ್ತೆ ಮತ್ತೆ ವಿಸ್ತರಿಸುತ್ತಲೇ ಬಂದಿದೆ.