ಕಾರಿಗೆ ಕಡಿಮೆ ಖರ್ಚಿನ ಸ್ಪೋರ್ಟ್ಸ್ ಸೈಲೆನ್ಸರ್: ಎಲ್ಲಿ ಕೈ ಹಾಕಬಹುದು, ಎಲ್ಲಿ ಬೇಡವೇ ಬೇಡ

ಚಿಕ್ಕಮಗಳೂರು: ರ‍್ಯಾಲಿ, ಆಟೊಕ್ರಾಸ್ ನೋಡಿಕೊಂಡೇ ಬೆಳೆದ ಜಿಲ್ಲೆಯಿದು. ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಜಿಪ್ಸಿ, ಎಸ್ಟೀಮ್‌ಗಳು ಗುಡುಗುತ್ತಾ ಹೋಗೋದನ್ನ ಕೇಳಿದವರಿಗೆ ತಮ್ಮ ಕಾರೂ ಹಾಗೇ ಸದ್ದು ಮಾಡಲಿ ಎಂಬ ಆಸೆ ಹುಟ್ಟುವುದು ಸಹಜ. ಇಲ್ಲಿನ ಹುಡುಗರ ಪಾಲಿಗೆ ಸ್ಪೋರ್ಟ್ಸ್ ಕಾರು ಅಂದ್ರೆ ಹಳೇ ಹೋಂಡಾ ಸಿಟಿ ವಿಟೆಕ್, ಪೋಲೊ ಅಥವಾ ಸ್ವಿಫ್ಟ್. ರೆಡಿಮೇಡ್ ಎಕ್ಸಾಸ್ಟ್ ಕಿಟ್ ದುಬಾರಿ. ಹೀಗಾಗಿ ಪೈಪು, ಗ್ಲಾಸ್ ವುಲ್ ತಂದು ವೆಲ್ಡಿಂಗ್ ಶಾಪ್‌ನಲ್ಲಿ ಕೂತು ಮಾಡಿಸಿಕೊಳ್ಳುವವರೇ ಜಾಸ್ತಿ. ಕೆಲಸ ಅಸಾಧ್ಯವೇನಲ್ಲ. ಆದರೆ ತಪ್ಪಾಗೋದು ಹೆಚ್ಚಾಗಿ ಒಂದೇ ಜಾಗದಲ್ಲಿ: ಕತ್ತರಿಸಬಾರದ್ದನ್ನು ಕತ್ತರಿಸುವುದರಲ್ಲಿ.

ಹೊಗೆಯ ದಾರಿ

ಎಂಜಿನ್‌ನಿಂದ ಹೊರಟ ಹೊಗೆ ಮೊದಲು ಮ್ಯಾನಿಫೋಲ್ಡ್‌ಗೆ, ಅಲ್ಲಿಂದ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತದೆ. ಗ್ಯಾರೇಜ್ ಭಾಷೆಯಲ್ಲಿ ಇದು ‘ಕ್ಯಾಟ್’. ಆಮೇಲೆ ಮಧ್ಯದ ಚಿಕ್ಕ ಡಬ್ಬಿ ರೆಸೊನೇಟರ್, ಕೊನೆಗೆ ಹಿಂದಿನ ಬಂಪರ್ ಕೆಳಗಿನ ದೊಡ್ಡ ಸೈಲೆನ್ಸರ್ ಬಾಕ್ಸ್.

ಕಡಿಮೆ ಖರ್ಚಿನ ಕೆಲಸ ಏನಿದ್ದರೂ ಈ ಕೊನೆಯ ಬಾಕ್ಸ್‌ಗೆ ಮಾತ್ರ ಸೀಮಿತವಾಗಿರಬೇಕು. ‘ಕ್ಯಾಟ್ ತೆಗೆದ್ರೆ ಪಿಕಪ್ ಬರುತ್ತೆ’ ಎಂಬ ಮಾತು ಎಲ್ಲ ಗ್ಯಾರೇಜಿನಲ್ಲೂ ಕೇಳಿಬರುತ್ತದೆ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಎಂಜಿನ್‌ನಲ್ಲಿ ಅದರಿಂದ ಸಿಗುವ ಶಕ್ತಿ ಅಷ್ಟಕ್ಕಷ್ಟೇ. ಸಿಗೋದು ಸದ್ದು ಮತ್ತು ಹೊಗೆಯ ವಾಸನೆ. ಕ್ಯಾಟ್ ಒಳಗಿನ ಜೇನುಗೂಡಿನಂಥ ಪಿಂಗಾಣಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುತ್ತದೆ. ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕಡಿಮೆಯಾಗುವುದೇ ಅಲ್ಲಿ. ಬಿಎಸ್6 ಕಾರುಗಳಲ್ಲಿ ಕ್ಯಾಟ್‌ನ ಹಿಂದೆ ಮುಂದೆ ಆಕ್ಸಿಜನ್ ಸೆನ್ಸರ್ ಇರುತ್ತವೆ. ಕ್ಯಾಟ್ ಕಿತ್ತ ಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡರೆ ಅಚ್ಚರಿ ಪಡಬೇಕಿಲ್ಲ.

ಪೈಪು ದಪ್ಪ ಆದಷ್ಟೂ ಒಳ್ಳೇದಾ?

ಅಲ್ಲ. ಒಂದೊಂದು ಸಿಲಿಂಡರ್‌ನಿಂದಲೂ ಹೊಗೆ ಒಂದೊಂದು ಬಡಿತವಾಗಿ ಬರುತ್ತದೆ. ಪೈಪು ಸರಿಯಾದ ಅಳತೆಯಲ್ಲಿದ್ದರೆ ಆ ವೇಗವೇ ಹಿಂದಿನ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ. ಅತಿ ದಪ್ಪವಾದರೆ ವೇಗ ಕುಗ್ಗಿ, ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ಸೊರಗಿದಂತಾಗುತ್ತದೆ. 1.5 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಸುಮಾರು 45ರಿಂದ 50 ಮಿ.ಮೀ. ಸಾಕು. ಏರು ದಾರಿಯೇ ಹೆಚ್ಚಿರುವ ಮಲೆನಾಡಿನಲ್ಲಿ ಮೂರು ಇಂಚಿನ ಪೈಪು ಹಾಕಿಸಿಕೊಂಡು ಸೆಕೆಂಡ್ ಗೇರ್‌ನಲ್ಲೇ ಒದ್ದಾಡುವುದರಲ್ಲಿ ಅರ್ಥವಿಲ್ಲ.

ಬಾಕ್ಸ್ ಮಾಡುವ ರೀತಿ

ಸರಳವಾದದ್ದು ನೇರ ಹಾಯುವ ಬಾಕ್ಸ್. ಒಳಗೆ ತೂತುಗಳಿರುವ ಪೈಪು, ಅದರ ಸುತ್ತ ಮೊದಲು ಸ್ಟೀಲ್ ವುಲ್‌ನ ತೆಳು ಪದರ, ಮೇಲೆ ಗ್ಲಾಸ್ ವುಲ್, ಹೊರಗೆ ತಗಡಿನ ಡಬ್ಬಿ. ಸ್ಟೀಲ್ ವುಲ್ ಇಲ್ಲದಿದ್ದರೆ ಗ್ಲಾಸ್ ವುಲ್ ಬೇಗ ಪುಡಿಯಾಗಿ ಹೊಗೆಯ ಜೊತೆ ಹಾರಿಹೋಗುತ್ತದೆ. ಬಾಕ್ಸ್ ಉಳಿದರೂ ಸದ್ದು ತಡೆಯುವ ವಸ್ತುವೇ ಉಳಿಯಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಆದರೆ ಬಾಳಿಕೆ ಹೆಚ್ಚು, ಖರ್ಚೂ ಹೆಚ್ಚು. ಮೈಲ್ಡ್ ಸ್ಟೀಲ್ ಅಗ್ಗ, ಆದರೆ ತುಕ್ಕು. ಈ ತುಕ್ಕು ಬರೋದು ಮಳೆಯಿಂದ ಮಾತ್ರವಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಪೈಪಿಗೆ ಬರುತ್ತದೆ. ಪೇಟೆಯೊಳಗೇ ಓಡುವ ಕಾರಿನ ಬಾಕ್ಸ್ ಪೂರ್ತಿ ಬಿಸಿಯಾಗದೆ ಆ ನೀರು ಒಳಗೇ ನಿಲ್ಲುತ್ತದೆ. ಬಾಕ್ಸಿನ ತೀರಾ ಕೆಳಭಾಗದಲ್ಲಿ 3 ಮಿ.ಮೀ. ತೂತು ಕೊರೆಸಿದರೆ ನೀರು ಇಳಿದುಹೋಗುತ್ತದೆ.

ಅಗ್ಗಕ್ಕೆ ಸಿಗುತ್ತೆ ಅಂತ ನೀರಿನ ಜಿಐ ಪೈಪ್ ಬಳಸುವವರಿದ್ದಾರೆ. ಅದಕ್ಕೆ ಸತುವಿನ ಲೇಪನವಿರುತ್ತದೆ. ವೆಲ್ಡಿಂಗ್ ಮಾಡುವಾಗ ಏಳುವ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಗ್ಯಾರಂಟಿ ಎನ್ನುವಷ್ಟು ಸಾಮಾನ್ಯ. ಬಾಗು ತೆಗೆಯಲು ಪೈಪಿಗೆ ಮರಳು ತುಂಬಿ ಕಾಯಿಸುವ ಹಳೇ ಉಪಾಯವೂ ಚಾಲ್ತಿಯಲ್ಲಿದೆ. ಮರಳು ಪೂರ್ತಿ ಒಣಗಿರಬೇಕು. ಹಸಿ ಇದ್ದು ಎರಡೂ ಬಾಯಿ ಮುಚ್ಚಿದ್ದರೆ ಆವಿಯ ಒತ್ತಡಕ್ಕೆ ಪೈಪು ಸಿಡಿಯುತ್ತದೆ. ರೆಡಿಮೇಡ್ ಬೆಂಡ್ ಕೊಂಡು ಜೋಡಿಸುವುದೇ ವಾಸಿ.

ಜೋಡಣೆಯನ್ನು ಕಾರಿನಡಿ ವೆಲ್ಡಿಂಗ್‌ನಿಂದ ಅಂಟಿಸುವ ಬದಲು ಫ್ಲ್ಯಾಂಜ್, ಗ್ಯಾಸ್ಕೆಟ್, ಬೋಲ್ಟ್ ಹಾಕಿ ಮಾಡಬೇಕು. ವೆಲ್ಡಿಂಗ್ ಹೊರಗೆ ಬೆಂಚ್ ಮೇಲೇ ಮುಗಿಯುತ್ತದೆ, ಇಸಿಯುಗೆ ಕರೆಂಟ್ ಹರಿಯುವ ಭಯವಿಲ್ಲ. ಕಾರಿನಲ್ಲೇ ಮಾಡಲೇಬೇಕಾದರೆ ಮೊದಲು ಬ್ಯಾಟರಿ ಕಳಚಬೇಕು. ಎಂಜಿನ್ ಅಲುಗಾಡುವುದರಿಂದ ಬಾಕ್ಸನ್ನು ರಬ್ಬರ್ ಹ್ಯಾಂಗರ್‌ಗೇ ತೂಗುಹಾಕಬೇಕು, ಬಿಗಿಯಾಗಿ ಕಟ್ಟಿದರೆ ಬಿರುಕು ಬಿಡುತ್ತದೆ. ಬರೀ ಜ್ಯಾಕ್ ನಂಬಿ ಕಾರಿನಡಿ ಮಲಗಬಾರದು, ಸ್ಟ್ಯಾಂಡ್ ಕೊಡಲೇಬೇಕು.

ಕಾಣದ ಅಪಾಯ

ಮನೆಯಲ್ಲಿ ಮಾಡಿದ ಎಕ್ಸಾಸ್ಟ್‌ನ ನಿಜವಾದ ಅಪಾಯ ಸದ್ದಲ್ಲ, ಸೋರಿಕೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆಗಾಲದಲ್ಲಿ ಗ್ಲಾಸ್ ಏರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ ಅದು ಡಿಕ್ಕಿಯ ಸಂದಿಯಿಂದ ಒಳಗೆ ಬಂದರೆ ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಘಾಟಿ ತಿರುವಿನ ತಲೆಸುತ್ತು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಇದಕ್ಕಾಗಿ ಪೈಪಿನ ತುದಿ ಬಂಪರ್‌ಗಿಂತ ಆಚೆ ಬರಬೇಕು, ಒಳಗೇ ನಿಲ್ಲಬಾರದು. ಜೋಡಣೆ ಮುಗಿದ ಮೇಲೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಬಯಲಲ್ಲಿ ನಿಲ್ಲಿಸಿ, ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ನೋಡಿದರೆ ಗುಳ್ಳೆ ಏಳುವ ಜಾಗವೇ ಸೋರುವ ಜಾಗ.

ಕ್ಯಾಬಿನ್ ಒಳಗೆ ಕಿವಿ ಗುಂಯ್‌ಗುಡುವುದು ಇನ್ನೊಂದು ದೂರು. ನಾಲ್ಕು ಸಿಲಿಂಡರ್ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಬಡಿತ ಕೊಡುತ್ತದೆ. ಹೈವೇಯಲ್ಲಿ ಹೆಚ್ಚು ಹೊತ್ತು ಓಡುವುದೂ ಆ ಸುಮಾರಿನಲ್ಲೇ. ಒಂದು ತುದಿ ಮುಚ್ಚಿದ, ಸರಿಸುಮಾರು ಒಂದು ಮೀಟರ್ ಉದ್ದದ ಕವಲು ಪೈಪನ್ನು ಮುಖ್ಯ ಪೈಪಿಗೆ ಜೋಡಿಸಿದರೆ ಆ ಒಂದು ಸದ್ದು ಮಾತ್ರ ತಗ್ಗುತ್ತದೆ. ಖರ್ಚು ಒಂದು ತುಂಡು ಪೈಪಿನದ್ದಷ್ಟೇ.

ಕಾನೂನು ಏನನ್ನುತ್ತೆ

ಕಂಪನಿ ಕೊಟ್ಟ ವಿನ್ಯಾಸ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 182ಎ(4) ಪ್ರಕಾರ ಒಂದೊಂದು ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದ, ಹೊಗೆಯ ಮಿತಿ ಮೀರಿದರೆ 190(2)ರ ಅಡಿ 10,000 ರೂ.ವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಮತ್ತು ಮೂರು ತಿಂಗಳು ಲೈಸೆನ್ಸ್ ರದ್ದಿಗೆ ಅವಕಾಶವಿದೆ. ಪೊಲೀಸರು ಕಿತ್ತುಹಾಕಿಸಿದ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸಿದ್ದನ್ನು ರಾಜ್ಯದ ಹಲವು ಊರುಗಳ ಜನ ನೋಡಿದ್ದಾರೆ.

ಅಂದರೆ ಹಿಂದಿನ ಬಾಕ್ಸ್ ಮಾತ್ರ ಬದಲಿಸಿದರೂ ಸಾರ್ವಜನಿಕ ರಸ್ತೆಯಲ್ಲಿ ಅದು ತಪ್ಪೇ. ಖಾಸಗಿ ಜಾಗದ ಆಟೊಕ್ರಾಸ್‌ಗೆ ಮಾತ್ರ ಇಂಥ ಬಾಕ್ಸ್. ಫ್ಲ್ಯಾಂಜ್ ಉಪಯೋಗಕ್ಕೆ ಬರೋದೂ ಇಲ್ಲೇ: ನಾಲ್ಕು ಬೋಲ್ಟ್ ಬಿಚ್ಚಿ ಕಂಪನಿ ಬಾಕ್ಸ್ ಹಾಕಿಕೊಂಡು ಮನೆಗೆ ಬರಬಹುದು. ಹಾಗಾಗಿ ಹಳೇ ಬಾಕ್ಸನ್ನು ಗುಜರಿಗೆ ಕೊಡಬಾರದು. ಕಾರು ಮಾರುವ ದಿನವೂ ಅದೇ ಬೇಕಾಗುತ್ತದೆ.