ಗುಡುಗುಡಿ ಮತ್ತು ಗಿಟಾರ್

ಶಿಶುನಾಳ ಶರೀಫರು (1819–1889) ಕಟ್ಟಿದ ಗುಡುಗುಡಿಯ ಪದವನ್ನು ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗಿಟಾರು, ಡ್ರಮ್ಮುಗಳೊಂದಿಗೆ ಹಾಡಿದರು. ರಾಕ್ ಮಾಡಿ ಕೆಡಿಸಿದರು ಎಂದವರುಂಟು. ನಾನು ಒಪ್ಪುವುದಿಲ್ಲ. ನಮ್ಮ ಹಿರೋಳ್ಳಿ ಕಡೆ ಏಕತಾರಿ, ದಮ್ಮಡಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಇರುಳೆಲ್ಲ ಹಾಡುವವರ ದನಿಯೇನು ಮೆತ್ತಗಿರುತ್ತದೆಯೇ? 1990ರಲ್ಲಿ ನಾಗಾಭರಣರು ಶರೀಫರ ಮೇಲೆ ತೆಗೆದ ಸಿನಿಮಾಕ್ಕೆ ಸಂಗೀತ ಕೊಟ್ಟ ಸಿ. ಅಶ್ವಥ್ ಕೂಡ ಗಂಟಲು ಬಿಚ್ಚಿ ಹಾಡಿದವರೇ.

ನನ್ನ ತಕರಾರು ವೇಗದ್ದು. ಭಜನೆಯಲ್ಲಿ ಮುಂದಿನವರು ಹೇಳಿದ್ದನ್ನು ಹಿಂದಿನವರು ಮತ್ತೆ ಹೇಳುತ್ತಾರೆ. ಅಷ್ಟರಲ್ಲಿ, ಒಳಗೆ ರೊಟ್ಟಿ ಬಡಿಯುತ್ತ ಕುಂತ ಹೆಂಗಸಿಗೂ, ಇಲ್ಲಿ ಸುಡಬೇಕಾದದ್ದು ತಂಬಾಕಲ್ಲ, ನಮ್ಮ ಅವಗುಣ ಎಂದು ಹೊಳೆಯುತ್ತದೆ. ಆಲ್ಬಮ್ಮಿನಲ್ಲಿ ಕಾಲು ಕುಣಿಯುವಷ್ಟರಲ್ಲಿ ಅರ್ಥ ಮುಂದೆ ಓಡಿರುತ್ತದೆ. ಆದರೂ ನಮ್ಮ ಹೈಸ್ಕೂಲು ಹುಡುಗಿಯರಿಗೆ ಈ ಪದ ಬಾಯಿಪಾಠವಾದದ್ದು ನನ್ನ ಪಾಠದಿಂದಲ್ಲ, ಆ ಗಿಟಾರಿನಿಂದ.